ಸಜ್ಜಿ ಇಲ್ಲದ ಸಜ್ಜಾ ಕೋಠಿ

ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಜತ್ತ ತಾಲ್ಲೂಕಿನಲ್ಲಿ ಛತ್ರಿ ಅಂದರೆ ಬಿಸಿಲಿಗೆ ಹಿಡಿಯುವ ವಸ್ತು. ಮಳೆಗೆ ಅದನ್ನು ಬಿಚ್ಚುವ ಭಾಗ್ಯ ವರ್ಷಕ್ಕೆ ನಾಲ್ಕೋ ಐದೋ ಸಲ. ಅದೂ ಬಿಚ್ಚುವಷ್ಟರಲ್ಲಿ ಮಳೆ ನಿಂತಿರುತ್ತದೆ. ಹಾಗಾಗಿ ಜುಲೈ ತಿಂಗಳಲ್ಲಿ ಕೊಲ್ಹಾಪುರದ ಹತ್ತಿರದ ಪನ್ಹಾಳಗಡ ಕೋಟೆ ನೋಡಲು ಹೊರಟಾಗ ನಾನು ಒಯ್ದದ್ದು ಎರಡು ಕಡ್ಡಿ ಮುರಿದ ಒಂದು ಛತ್ರಿ.

ಹೋಗಬೇಕಾಗಿದ್ದದ್ದು ನಾನು ಮತ್ತು ನನ್ನ ಹೆಂಡತಿ. ‘ಗೈಡ್ ಜೊತೆ ಪನ್ಹಾಳ ಸುತ್ತಾಟ, ಎಂಟೇ ಜನ, ಮೂರು ತಾಸು, ಸಲೀಸು ದಾರಿ’ ಅಂತ ವಾಟ್ಸಾಪಿನಲ್ಲಿ ಬಂದದ್ದನ್ನು ನೋಡಿ ದುಡ್ಡು ಕಟ್ಟಿದವಳೂ ಅವಳೇ. ಹೊರಡುವ ಹಿಂದಿನ ದಿನ ಅವಳ ಶಾಲೆಗೆ ಯಾವುದೋ ತರಬೇತಿ ಬಂದು ವಕ್ಕರಿಸಿತು. ಕಟ್ಟಿದ ದುಡ್ಡು ವಾಪಸ್ ಇಲ್ಲವಂತೆ. ಆ ವಾರ ನಮ್ಮ ಮನೆಯಲ್ಲೇ ಇದ್ದ ಅತ್ತೆ ಹೆಸರುಬೇಳೆ ಆರಿಸುತ್ತಾ ಕೂತಲ್ಲಿಂದಲೇ ಹೇಳಿದರು, “ನಾ ಬರತೀನಿ ತಗೋರಿ ಮಾಸ್ತರ. ರೊಕ್ಕ ಯಾಕ ಹಾಳ ಮಾಡಬೇಕು?”

ಅತ್ತೆ ವಿಜಯಪುರದವರು. ವಯಸ್ಸು ಅರವತ್ತೆಂಟು. ದಿನಾ ಬೆಳಿಗ್ಗೆ ಗೋಳಗುಮ್ಮಟದ ಕಡೆ ನಡೆದು ಬರುವವರು. ಹೀಗಾಗಿ ಅವರ ಕಾಲಿನ ಬಗ್ಗೆ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ಭಾಷೆಯದು. ಅವರಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ, ಗೈಡ್‌ಗೆ ಮರಾಠಿ ಬಿಟ್ಟು ಬೇರೆ ಬರುವುದಿಲ್ಲ.

“ನಾನಿದೀನಲ್ಲ,” ಅಂದೆ.

ನಾನು ಗಡಿಯ ಕನ್ನಡ ಶಾಲೆಯ ಮಾಸ್ತರ. ಬೆಳಿಗ್ಗೆ ಪಾಠ ಕನ್ನಡದಲ್ಲಿ, ಮಧ್ಯಾಹ್ನ ಮೇಲಿನವರಿಗೆ ಬರೆಯುವ ಕಾಗದ ಮರಾಠಿಯಲ್ಲಿ. ಎರಡೂ ಭಾಷೆ ನನಗೆ ಎರಡು ಕಾಲು ಇದ್ದ ಹಾಗೆ ಅಂತ ಹೇಳಿಕೊಂಡು ತಿರುಗುತ್ತಿದ್ದೆ. ಆ ದಿನ ಎರಡೂ ಕಾಲು ಜಾರಿದವು.

ನಸುಕಿನಲ್ಲೇ ಹೊರಟು ಮಿರಜ ದಾಟಿ, ಕೊಲ್ಹಾಪುರ ದಾಟಿ, ಅಲ್ಲಿಂದ ಇಪ್ಪತ್ತು ಕಿಲೋಮೀಟರ್ ಘಾಟಿ ಹತ್ತಿದೆವು. ಅತ್ತೆಯ ಇಳಕಲ್ ಸೀರೆಯ ಕೆಳಗೆ ಮೊಮ್ಮಗನ ಕ್ಯಾನ್ವಾಸ್ ಶೂ. ನನ್ನ ಹೆಗಲಿಗೆ ಅವರ ಚೀಲ. ಅದರಲ್ಲಿ ಏನಿದೆ ಅಂತ ಕೇಳಿದ್ದಕ್ಕೆ, “ಏನಿಲ್ಲರಿ, ನಾಕ ರೊಟ್ಟಿ,” ಅಂದರು. ನಾಲ್ಕು ರೊಟ್ಟಿ ಅಷ್ಟು ತೂಗುವುದಿಲ್ಲ.

ಮೇಲೆ ಮಂಜು. ಜತ್ತದವರಿಗೆ ಮಂಜು ಅಂದರೆ ಹುಡುಗಿಯ ಹೆಸರು. ಇಲ್ಲಿ ಎದುರಿಗೆ ನಿಂತ ಬಸ್ಸೇ ಕಾಣುತ್ತಿರಲಿಲ್ಲ. ರಸ್ತೆಯ ಎರಡೂ ಬದಿ ನೀರು ಕುಣಿಯುತ್ತಾ ಇಳಿದು ಹೋಗುತ್ತಿತ್ತು. ಅತ್ತೆ ನಿಂತು ನೋಡಿದರು. “ಇಷ್ಟು ನೀರು ಸುಮ್ನ ಹರದು ಹೊಂಟೈತಲ್ರಿ, ಯಾರೂ ಕೊಡಾ ಇಟ್ಟಿಲ್ಲ?”

ಬಾಜಿಪ್ರಭು ದೇಶಪಾಂಡೆಯವರ ಪ್ರತಿಮೆಯ ಹತ್ತಿರ ಗೈಡ್ ಸಿಕ್ಕ. ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗ. ಕೈಯಲ್ಲಿ ದೊಡ್ಡ ಕೆಂಪು ಛತ್ರಿ. “ಮಂಜು ಜಾಸ್ತಿ ಇದೆ. ಈ ಕೆಂಪು ಛತ್ರಿ ಎಲ್ಲಿ ಹೋಗುತ್ತೋ ಅಲ್ಲಿ ಬನ್ನಿ. ಬೇರೇನೂ ನೋಡಬೇಡಿ,” ಅಂದ. ನಮ್ಮ ಜೊತೆ ಪುಣೆಯ ಗಂಡ ಹೆಂಡತಿ, ಮೂವರು ಹುಡುಗಿಯರು, ಕೊನೆಯವರೆಗೂ ಬಾಯಿ ಬಿಡದ ಒಬ್ಬ ಕ್ಯಾಮೆರಾದವನು. ಪುಣೆಯ ಕಾಕಾ ಗೈಡ್ ಹೇಳುವ ಪ್ರತಿ ಇಸವಿಯನ್ನೂ ಅವನಿಗಿಂತ ಅರ್ಧ ಸೆಕೆಂಡ್ ಮೊದಲೇ ಹೇಳಿಬಿಡುತ್ತಿದ್ದರು. ಇಂಥವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ, ಅಲ್ವಾ?

ಶುರುವಿನಲ್ಲಿ ನನ್ನ ಭಾಷಾಂತರ ಭರ್ಜರಿಯಾಗಿಯೇ ಓಡಿತು. ಕೋಟೆಯನ್ನು ಮೊದಲು ಕಟ್ಟಿಸಿದವನು ಹನ್ನೆರಡನೇ ಶತಮಾನದ ಕೊನೆಯ ಹೊತ್ತಿಗೆ ಆಳಿದ ಶಿಲಾಹಾರರ ಭೋಜರಾಜ ಅಂತ ಅವನು ಹೇಳಿದ. ಆ ಶಿಲಾಹಾರರ ಶಾಸನಗಳು ಕನ್ನಡದಲ್ಲೂ ಇವೆ ಅಂತ ನಾನು ನನ್ನ ಕಡೆಯಿಂದ ಒಂದಿಷ್ಟು ಸೇರಿಸಿದೆ. ಅತ್ತೆ ಖುಷಿಯಾದರು. ಮುಂದೆ ಬಿಜಾಪುರದ ಆದಿಲಶಾಹಿಗಳ ಕೈಗೆ ಬಂತು ಅಂದಾಗ ಇನ್ನೂ ಖುಷಿ. “ನಮ್ಮವರು,” ಅಂತ ಪುಣೆಯ ಕಾಕುಗೆ ಕನ್ನಡದಲ್ಲೇ ಹೇಳಿದರು.

ತೊಡಕು ಶುರುವಾದದ್ದು ಆಮೇಲೆ. 1659ರಲ್ಲಿ ಶಿವಾಜಿ ಮಹಾರಾಜರು ಕೋಟೆ ಗೆದ್ದರು. ಮರುವರ್ಷ ಬಿಜಾಪುರದಿಂದ ಸಿದ್ದಿ ಜೌಹರ ದಂಡು ತಂದು ಸುತ್ತ ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಕೂತ. ಗೈಡ್ ಹುಡುಗನಿಗೆ ಬಿಜಾಪುರ ಅಂದರೆ ವೈರಿ. ನನ್ನ ಪಕ್ಕದಲ್ಲಿ ನಿಂತವರಿಗೆ ಬಿಜಾಪುರ ಅಂದರೆ ತವರು, ಅತ್ತೆಮನೆ, ರೇಷನ್ ಕಾರ್ಡ್ ಎಲ್ಲಾ. ಅವನು ‘ಶತ್ರು’ ಅಂದಾಗ ನಾನು ‘ನಿಮ್ಮ ಕಡೆಯವರು’ ಅಂತ ಮಾಡಿದೆ.

ಅತ್ತೆ ಯೋಚನೆಗೆ ಬಿದ್ದರು. “ಹಿಂತಾ ಮಳ್ಯಾಗ ಕೆಳಗ ಕುಂತ ದಂಡಿಗೆ ರೊಟ್ಟಿ ಯಾರು ಬಡೀತಿದ್ರು? ಒಣಾ ಕಟಗಿ ಎಲ್ಲಿಂದ ತಂದ್ರು? ಕೇಳ್ರಿ.”

ನಾನು ಕೇಳಲಿಲ್ಲ. ಎಂಟು ಜನರೆದುರು ಇತಿಹಾಸದ ನಡುವೆ ಕಟ್ಟಿಗೆ ವಿಚಾರಿಸುವುದು ನನಗೆ ನಾಚಿಕೆ. ಹುಡುಗ ನನ್ನ ಮುಖ ನೋಡಿದ, ಅಜ್ಜಿ ಏನಂತಾರೆ ಅಂತ. “ಬಹಳ ಚೆನ್ನಾಗಿ ಹೇಳ್ತಿದೀರಂತೆ,” ಅಂದೆ.

ಆಮೇಲೆ ಅವನು ಹೇಳಿದ್ದು ಎರಡು ಪಲ್ಲಕ್ಕಿಯ ಕತೆ. 1660ರ ಜುಲೈ, ಜಡಿಮಳೆಯ ರಾತ್ರಿ. ಒಂದು ಪಲ್ಲಕ್ಕಿಯಲ್ಲಿ ಮಹಾರಾಜರು. ಇನ್ನೊಂದರಲ್ಲಿ ಅವರ ಹಾಗೆಯೇ ಕಾಣುತ್ತಿದ್ದ ಕ್ಷೌರಿಕ ಶಿವಾ ಕಾಶಿದ್. ಬೆನ್ನು ಹತ್ತಿದವರು ಹಿಡಿದದ್ದು ಎರಡನೆಯದನ್ನು. ಗುಟ್ಟು ರಟ್ಟಾದಾಗ ಅವನ ಪ್ರಾಣ ಹೋಯಿತು. ಅಷ್ಟರಲ್ಲಿ ಮೊದಲನೆಯದು ವಿಶಾಳಗಡದ ದಾರಿ ಹಿಡಿದಿತ್ತು. ದಾರಿಯ ಇಕ್ಕಟ್ಟಾದ ಖಿಂಡಿಯಲ್ಲಿ ಬಾಜಿಪ್ರಭು ನಿಂತು ದಂಡನ್ನು ತಡೆದು ಅಲ್ಲೇ ಮಡಿದರು. ಅದೇ ಈಗಿನ ಪಾವನಖಿಂಡ. ಹುಡುಗನ ಗಂಟಲು ಕಟ್ಟಿತು. ಪುಣೆಯ ಕಾಕಾ ಕನ್ನಡಕ ತೆಗೆದು ಒರೆಸಿಕೊಂಡರು.

ಅತ್ತೆ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ, “ಆ ಕಾಶಿದನ ಹೆಂಡ್ತಿಗೆ ಸುದ್ದಿ ಯಾರು ಮುಟ್ಟಿಸಿದ್ರೋ,” ಅಂದರು. ಅದನ್ನೂ ನಾನು ಭಾಷಾಂತರಿಸಲಿಲ್ಲ. ಅದು ಪ್ರಶ್ನೆ ಆಗಿರಲಿಲ್ಲ.

ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಪುಣೆಯವರ ಮುಂದೆ ನಮ್ಮ ಮರಾಠಿಯೂ ಗಟ್ಟಿ ಅಂತ ತೋರಿಸಬೇಕಿತ್ತಲ್ಲ. “ಯಾರ ಹಿಂದೆ ಹೋಗ್ತಿದೀವಿ ಅನ್ನೋದೂ ತಿಳೀಲಿಲ್ಲ ಅಂದ್ರೆ ಎಂಥಾ ಪೆದ್ದರಿರಬೇಕು ಅವರು!” ಅಂತ ಗಟ್ಟಿಯಾಗಿ ಹೇಳಿ ನಕ್ಕೆ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಅಂಬರಖಾನೆಗೆ ಬಂದೆವು. ಮೂರು ಕಣಜ: ಗಂಗಾ, ಯಮುನಾ, ಸರಸ್ವತಿ. ಗಂಗಾ ಕೋಠಿ ಎಲ್ಲಕ್ಕಿಂತ ದೊಡ್ಡದು, 35 ಅಡಿ ಎತ್ತರ. ಇಪ್ಪತ್ತೈದು ಸಾವಿರ ಖಂಡಿ ಕಾಳು ಹಿಡಿಯುತ್ತಿತ್ತಂತೆ. ಮೇಲ್ಛಾವಣಿಯ ಗುಮ್ಮಟಗಳಿಗೆ ತೂತು, ಅಲ್ಲಿಂದ ಕಾಳು ಸುರಿಯುವುದು. ಆ ಮುತ್ತಿಗೆಯನ್ನು ಕೋಟೆ ತಾಳಿಕೊಂಡದ್ದು ಈ ಕಣಜಗಳಿಂದ. ಹುಡುಗಿಯರು ಒಳಗೆ ಕೂಗು ಹಾಕಿ ಪ್ರತಿಧ್ವನಿ ಕೇಳಿ ನಗುತ್ತಿದ್ದರು. ಅತ್ತೆ ಗೋಡೆಗೆ ಹೋಗಿ ಅಂಗೈ ಒತ್ತಿದರು. ಎರಡು ಬೆರಳಿನಿಂದ ಕಲ್ಲಿನ ಸಂದಿಯ ಧೂಳು ತಿಕ್ಕಿದರು. ಮೂಗಿಗೆ ಹಿಡಿದು ಮೂಸಿದರು. ತಲೆ ಎತ್ತಿ ತೂತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ನುಸಿ ಹತ್ತತಿರಲಿಲ್ಲೇನು? ಈಗ ಕೇಳಾಕs ಬೇಕು ನೀವು,” ಅಂದರು.

ಅವರ ತವರಿನಲ್ಲಿ ಹಗೇವು ಇತ್ತು. ನೆಲ ತೋಡಿ ಜೋಳ ತುಂಬಿಸಿ ಬಾಯಿಗೆ ಮಣ್ಣು ಮೆತ್ತುವ ಆ ಹಗೇವಿನ ಸುತ್ತ ಆಡಿ ಬೆಳೆದವರು. ಕಾಳಿನ ವಿಷಯದಲ್ಲಿ ಅವರನ್ನು ತಡೆಯಲು ಆಗುವುದಿಲ್ಲ. ಕೇಳಿದೆ. ಹುಡುಗ ಬಾಯಿ ತೆರೆದ, ಮುಚ್ಚಿದ. ಪುಣೆಯ ಕಾಕಾ ಕೂಡ ಈ ಸಲ ಅರ್ಧ ಸೆಕೆಂಡ್ ಮುಂದಿರಲಿಲ್ಲ. “ಇದನ್ನ ನನಗೆ ಇವತ್ತಿನವರೆಗೆ ಯಾರೂ ಕೇಳಿಲ್ಲ. ನಮ್ಮ ಅವ್ವನ್ನ ಕೇಳಿ ಹೇಳ್ತೀನಿ,” ಅಂದ.

ಮಗಳನ್ನು ಕೊಟ್ಟ ಮೇಲೆ ಮೊದಲ ಸಲ ಅತ್ತೆ ನನ್ನ ಭಾಷಾಂತರವನ್ನು ಮೆಚ್ಚಿದರು. ಆ ಮೆಚ್ಚುಗೆ ತಲೆಗೇರಿತು.

ಮುಂದೆ ಬಂದದ್ದು ಸಜ್ಜಾ ಕೋಠಿ. ಹುಡುಗ ಹೆಸರು ಹೇಳಿದ್ದೇ ತಡ, ವಿವರಣೆಗೆ ಕಾಯದೆ ನಾನೇ ಶುರು ಮಾಡಿದೆ. “ಅತ್ತೀ, ಅದು ಗಂಗಾ ಕೋಠಿ. ಇದು ಸಜ್ಜಿ ಕೋಠಿ. ಬರೇ ಸಜ್ಜಿ ತುಂಬಾಕ ಬ್ಯಾರೇನ ಕಟ್ಟಿಸ್ಯಾರ.”

ಅತ್ತೆಯ ಕಣ್ಣು ಅರಳಿತು. ಕ್ಯಾನ್ವಾಸ್ ಶೂ ಚಪಚಪ ಅನ್ನಿಸುತ್ತಾ ಎಲ್ಲರಿಗಿಂತ ಮೊದಲು ಒಳಗೆ ನುಗ್ಗಿದರು. ನೋಡಿದರೆ ಕಮಾನು, ತೆರೆದ ಕಿಟಕಿ, ಕೆಳಗೆ ಕಣಿವೆ. ಮಂಜು ಸೀದಾ ಒಳಗೆ ಬಂದು ನಮ್ಮ ಕಿವಿಗೆ ತಣ್ಣಗೆ ಊದಿತು. ಅತ್ತೆ ಒಂದು ಸುತ್ತು ಹಾಕಿ ಬಂದು ನನ್ನೆದುರು ನಿಂತರು.

“ಇಷ್ಟು ಕಿಡಕಿ ಇಟ್ಟು ಸಜ್ಜಿ ತುಂಬತಾರೇನ್ರಿ ಮಾಸ್ತರ? ಒಂದ ಮಳಿಗೆ ಮೊಳಕಿ ಒಡೀತೈತಿ.”

ಅದೇ ಹೊತ್ತಿಗೆ ಹುಡುಗ ಮರಾಠಿಯಲ್ಲಿ ವಿವರಿಸುತ್ತಿದ್ದ. ಸಜ್ಜಾ ಅಂದರೆ ಮೇಲಿನಿಂದ ಹೊರಗೆ ನೋಡುವ ಜಾಗ. ಆದಿಲಶಾಹಿ ಕಾಲದಲ್ಲಿ ಕಣಿವೆಯ ಚೆಲುವು ನೋಡಲು ಕಟ್ಟಿಸಿದ್ದು. ನಾನು ಒಪ್ಪಿಕೊಂಡು ಬಿಡಬಹುದಿತ್ತು. ಮಾಸ್ತರಿಕೆ ಬಿಡಬೇಕಲ್ಲ! “ಇಲ್ಲಿ ಕೂತು ಹೊರಗ ನೋಡಕೋತ ಸಜ್ಜಿ ರೊಟ್ಟಿ ಉಣತಿದ್ರಂತ,” ಅಂದೆ.

ಅತ್ತೆ ಏನೂ ಅನ್ನಲಿಲ್ಲ. ನನ್ನ ಹೆಗಲಿನ ಚೀಲ ಇಳಿಸಿಕೊಂಡು ಗಂಟು ಬಿಚ್ಚಿದರು. ಕಡಕ್ ಸಜ್ಜಿ ರೊಟ್ಟಿ, ಮೇಲೆ ಎಳ್ಳು. ಶೇಂಗಾ ಹಿಂಡಿ. ಮೊಸರಿನ ಡಬ್ಬಿ. ಎಂಟು ಜನಕ್ಕೆ ಸಾಕಾಗಿ ಗೈಡ್‌ಗೂ ಉಳಿಯುವಷ್ಟು. “ಸಜ್ಜಿ ಇಲ್ಲದ ಕೋಠಿಗೆ ನಾನs ಸಜ್ಜಿ ತಂದೀನಿ. ತಿನ್ನಂತ ಹೇಳ್ರಿ ಆ ಹುಡುಗಗ.” ಕಾಕಾ ರೊಟ್ಟಿ ಮುರಿದ ಸದ್ದು ಗಂಗಾ ಕೋಠಿಯ ಪ್ರತಿಧ್ವನಿಗಿಂತ ಜೋರಾಗಿತ್ತು. ನಾನು ಕಿಟಕಿಯ ಹೊರಗೆ ನೋಡುತ್ತಾ ಸಜ್ಜಿ ರೊಟ್ಟಿ ತಿಂದೆ. ಒಟ್ಟಿನಲ್ಲಿ ನನ್ನ ಭಾಷಾಂತರ ನಿಜವಾಯಿತು.

ಅಲ್ಲಿಂದ ತೀನ್ ದರವಾಜಾ ಕಡೆ ಹೊರಟಾಗ ಮಂಜು ಇನ್ನೂ ದಪ್ಪಗಾಯಿತು. ಹುಡುಗಿಯರು ಮುಂದೆ, ನಾವು ಹಿಂದೆ. ಒಂದು ತಿರುವಿನಲ್ಲಿ ಕೆಂಪು ಛತ್ರಿ ಎಡಕ್ಕೆ ಹೊರಳಿದ್ದು ಕಂಡಿತು. ನಾನೂ ಎಡಕ್ಕೆ ಹೊರಳಿದೆ. ನನ್ನ ನಡಿಗೆಯಲ್ಲಿನ ಖಾತ್ರಿ ನೋಡಿ ಪುಣೆಯವರಿಬ್ಬರೂ ಹಿಂದೆ ಬಂದರು.

“ಮಾಸ್ತರ, ಆ ಹುಡುಗನ ನಡಗಿ ಹಿಂಗಿಲ್ಲರಿ,” ಅಂದರು ಅತ್ತೆ.

“ಸುಮ್ನ ಬರ್ರಿ ಅತ್ತಿ.”

“ಅವನ ಕಾಲಾಗ ಬೂಟ್ ಇದ್ವು. ಇಂವಾ ಚಪ್ಪಲಿ ಹಾಕ್ಯಾನ.”

ನೋಡಿದೆ. ಹವಾಯಿ ಚಪ್ಪಲಿ. ಒಂದೊಂದು ಹೆಜ್ಜೆಗೂ ಕೆಂಪು ರಾಡಿ ಎದ್ದು ಅವನ ಮೀನಖಂಡಕ್ಕೆ ಚುಕ್ಕೆ ಹೊಡೆಯುತ್ತಿತ್ತು. ಮಳೆಗೆ ಬೂಟು ತೆಗೆದಿರಬೇಕು ಅಂದುಕೊಂಡೆ. ಸೋಲು ಒಪ್ಪದ ಮನುಷ್ಯನಿಗೆ ಕಾರಣಕ್ಕೇನು ಬರ?

ಐದು ನಿಮಿಷ ನಡೆದ ಮೇಲೆ ಛತ್ರಿ ನಿಂತಿತು, ತಿರುಗಿತು. ಕೆಳಗೆ ಐವತ್ತರ ಆಸುಪಾಸಿನ ಒಬ್ಬ, ಬಗಲಲ್ಲಿ ಗೋಣಿಚೀಲ. “ನೀವು ನಾಲ್ಕೂ ಜನ ನನ್ನ ಹಿಂದೆ ಯಾಕೆ ಬರ್ತಿದೀರಿ?” ಅಂತ ಕೇಳಿದ. ದನಿಯಲ್ಲಿ ಸ್ವಲ್ಪ ಹೆದರಿಕೆಯೂ ಇತ್ತು. ಚೀಲದಲ್ಲಿದ್ದದ್ದು ಗೊಂಜಾಳ, ಅಂದರೆ ಮೆಕ್ಕೆಜೋಳದ ತೆನೆ. ಅವನು ತನ್ನ ಗಾಡಿ ಹಚ್ಚಲು ಹೊರಟಿದ್ದ.

ಯಾರೂ ಮಾತಾಡಲಿಲ್ಲ. ಕಾಕಾ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಯಾವ ಮಾತು ನೆನಪಾಗುತ್ತಿದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

ಅತ್ತೆ ಮಾತ್ರ ಗಾಡಿಯ ಪಕ್ಕ ಕಲ್ಲಿನ ಮೇಲೆ ಕೂತು ನಾಲ್ಕು ಬೆರಳು ತೋರಿಸಿದರು. ಅವನು ನಾಲ್ಕು ತೆನೆ ಕೆಂಡಕ್ಕಿಟ್ಟ. ಇವರು ಕನ್ನಡದಲ್ಲಿ ಉಪ್ಪು ಖಾರ ಜಾಸ್ತಿ ಅಂದರು, ಅವನು ಮರಾಠಿಯಲ್ಲಿ ನಿಂಬೆಹಣ್ಣು ಬೇಕಾ ಅಂದ. ಮಳೆಯಲ್ಲಿ ಇದ್ದಿಲು ಹೇಗೆ ಒಣಗಿಸಿ ಇಡುತ್ತೀ ಅಂತ ಕೈಸನ್ನೆಯಲ್ಲೇ ವಿಚಾರಿಸಿದರು. ಅವನು ಗಾಡಿಯ ಕೆಳಗಿನ ತಗಡಿನ ಡಬ್ಬಿ ಎಳೆದು ತೋರಿಸಿದ. ಇಬ್ಬರಿಗೂ ಎಲ್ಲಾ ಅರ್ಥವಾಗುತ್ತಿತ್ತು. ನಾನು ನಡುವೆ ಭಾಷಾಂತರಿಸಲು ಬಾಯಿ ಹಾಕಿದರೆ ಇಬ್ಬರೂ ಒಟ್ಟಿಗೆ ನನ್ನನ್ನು ತಡೆದರು.

ಅರ್ಧ ತಾಸಿನ ಮೇಲೆ ನಿಜವಾದ ಕೆಂಪು ಛತ್ರಿ ಓಡುತ್ತಾ ಬಂತು. ಹುಡುಗನಿಗೆ ಅಳುವೇ ಬಂದಂತಿತ್ತು. ಅತ್ತೆ ಅವನ ಬೆನ್ನು ತಟ್ಟಿ, “ನಿಂದೇನೂ ತಪ್ಪಿಲ್ಲಪಾ,” ಅಂತ ತೆನೆಯ ತುದಿಯಿಂದ ನನ್ನನ್ನು ತೋರಿಸಿದರು. “ಸಿದ್ದಿ ಜೌಹರ.”

ಆ ಎರಡು ಪದಕ್ಕೆ ಭಾಷಾಂತರ ಬೇಕಾಗಲಿಲ್ಲ. ಮೂರು ತಾಸಿನಲ್ಲಿ ಬಾಯಿ ಬಿಡದಿದ್ದ ಕ್ಯಾಮೆರಾದವನೂ ಹಿಂದಿನಿಂದ ನಕ್ಕ.

ಉಳಿದದ್ದನ್ನು ಬೇಗ ಬೇಗ ನೋಡಿದೆವು. ತೀನ್ ದರವಾಜದ ಕೆತ್ತನೆ, ಫಾರ್ಸಿ ಶಾಸನ. ಮೂರು ಅಂತಸ್ತಿನ ಅಂಧಾರ ಬಾವಡಿ. ಶತ್ರು ನೀರಿಗೆ ವಿಷ ಹಾಕಬಾರದು ಅಂತ ಬಾವಿಯ ಮೇಲೇ ಕಟ್ಟಡ ಕಟ್ಟಿ ಮುಚ್ಚಿಟ್ಟಿದ್ದಾರೆ. “ನಮ್ಮ ತಾಜ ಬಾವಡಿ ಇದಕಿಂತ ದೊಡ್ಡದು,” ಅಂದರು ಅತ್ತೆ. 2025ರಲ್ಲಿ ಈ ಕೋಟೆ ಯುನೆಸ್ಕೊ ಪಟ್ಟಿಗೂ ಸೇರಿತು ಅಂತ ಹುಡುಗ ಹೇಳಿದ. ನಾನು ಚಾಚೂ ತಪ್ಪದೆ, ಒಂದು ಅಕ್ಷರವೂ ಸೇರಿಸದೆ ಹೇಳಿದೆ. ಅತ್ತೆ ನಂಬಲಿಲ್ಲ. ಪುಣೆಯ ಕಾಕು ತಲೆ ಆಡಿಸಿದ ಮೇಲೆ ನಂಬಿದರು.

ಮನೆ ಮುಟ್ಟುವಾಗ ರಾತ್ರಿ ಹತ್ತು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. “ಹೆಂಗಿತ್ತು ಅವ್ವಾ? ಏನೇನು ನೋಡಿದಿ?”

ಅತ್ತೆ ಶೂ ಕಳಚುತ್ತಾ ಹೇಳಿದರು, “ಗೊಂಜಾಳ ತೆನಿ ಭಾಳ ಚಲೋ ಇತ್ತವಾ. ನಿನ್ನ ಗಂಡಗ ಮರಾಠಿ ಬರೂದಿಲ್ಲ.”

ನಾಲ್ಕು ದಿನದ ಮೇಲೆ ಗೈಡ್ ಹುಡುಗನ ಫೋನ್ ಬಂತು. ಅವನ ಅವ್ವನನ್ನು ಕೇಳಿದ್ದನಂತೆ: ಬೇವಿನ ಎಲೆ, ಬೂದಿ. ಅತ್ತೆಗೆ ಹೇಳೋಣ ಅಂತ ಅಡುಗೆಮನೆಗೆ ಹೋದೆ. ಅವರು ಕೈ ಚಾಚಿದರು. “ನೀವು ಹೇಳಬ್ಯಾಡ್ರಿ. ಫೋನ್ ಇಲ್ಲಿ ಕೊಡ್ರಿ.”