ಮುನ್ನೂರು ಗ್ರಾಂ ಎಲ್ಲಿ ಹೋಯಿತು?

ನಮ್ಮ ಮನೆಯಲ್ಲಿ ಈಗ ಪಂಚಾಂಗಕ್ಕಿಂತ ಹೆಚ್ಚು ಓದಿಸಿಕೊಳ್ಳುವುದು ಮೊಮ್ಮಗನ ತಾಯಿ ಕಾರ್ಡ್. ಅದರ ಬೆಳವಣಿಗೆಯ ನಕ್ಷೆಯಲ್ಲಿ ಹಸಿರು, ಹಳದಿ, ಕಿತ್ತಳೆ ಪಟ್ಟಿಗಳಿವೆ. ಚುಕ್ಕೆ ಹಸಿರಿನಲ್ಲಿ ಮೇಲೇರಿದ ತಿಂಗಳು ಮನೆಗೆಲ್ಲ ಒಬ್ಬಟ್ಟು. ಕೂದಲೆಳೆಯಷ್ಟು ಇಳಿದರೂ ಮಗ, ಸೊಸೆ ಇಬ್ಬರೂ ಊಟ ಬಿಡುತ್ತಾರೆ. ಮಗುವಿನ ತೂಕ ಕಡಿಮೆಯಾದರೆ ದೊಡ್ಡವರು ಉಪವಾಸವಿರುವುದು ಯಾವ ಶಾಸ್ತ್ರವೋ!

ಚಳಿ ಮುಗಿದ ಮೇಲೆ ಆ ಚುಕ್ಕೆ ಇಳಿದೇಬಿಟ್ಟಿತು. ಹಿಂದಿನ ಸಲ 10.4 ಕಿಲೋ ಇದ್ದ ಹುಡುಗ ಈಗ 10.1. ಸುದ್ದಿ ಸಂಜೆಯೊಳಗೆ ಶೆಟ್ಟಿಹಳ್ಳಿಯಿಂದ ಕ್ಯಾತ್ಸಂದ್ರದವರೆಗಿನ ನೆಂಟರಿಗೆಲ್ಲ ಮುಟ್ಟಿತು. ಮೊಳಕೆ ರಾಗಿಯ ಸರಿ ಕೊಡಿ ಎಂದರು ಒಬ್ಬರು. ದೃಷ್ಟಿ ತೆಗೆಯಿರಿ ಎಂದರು ಇನ್ನೊಬ್ಬರು. ಕ್ಯಾತ್ಸಂದ್ರದವರು ಮಾತ್ರ ತಮ್ಮೂರಿನ ಮರ್ಯಾದೆ ಬಿಡದೆ, ತಟ್ಟೆ ಇಡ್ಲಿಗೆ ಬೆಣ್ಣೆ ಹಾಕಿ ತಿನ್ನಿಸಿ ಎಂದರು. ಬೆಂಗಳೂರಿನ ನಾದಿನಿ ಏನೂ ಸಲಹೆ ಕೊಡಲಿಲ್ಲ. ತನ್ನ ಮಗ ಅದೇ ವಯಸ್ಸಿಗೆ ಹನ್ನೆರಡು ಕಿಲೋ ಇದ್ದನೆಂದು ತಿಳಿಸಿ ಫೋನ್ ಇಟ್ಟಳು. ಆ ರಾತ್ರಿ ನಮ್ಮ ಸೊಸೆ ಮಲಗಲಿಲ್ಲ.

ಇದು ಮೊದಲ ಸಲವಲ್ಲ. ಹುಡುಗ ನಡೆಯುವ ಮುಂಚೆಯೂ ಹೀಗೇ ಆಗಿತ್ತು. ಮಕ್ಕಳು ಆಸರೆಯಿಲ್ಲದೆ ನಡೆಯಲು ಕಲಿಯುವುದು ಸುಮಾರು ಎಂಟರಿಂದ ಹದಿನೆಂಟು ತಿಂಗಳ ನಡುವೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲೇ ಹೇಳಿದೆ. ಮಗ, ಸೊಸೆ ಅದರಲ್ಲಿ ಎಂಟನ್ನು ಮಾತ್ರ ಓದಿಕೊಂಡರು.

ಮಕ್ಕಳ ವೈದ್ಯರು ಕಾರ್ಡನ್ನು ಒಮ್ಮೆ, ತಮ್ಮ ಸ್ಟೆತಸ್ಕೋಪ್ ಎಳೆಯುತ್ತಿದ್ದ ಹುಡುಗನನ್ನು ಒಮ್ಮೆ ನೋಡಿದರು. ಜ್ವರ, ಭೇದಿ ಏನಾದರೂ ಇತ್ತೇ ಎಂದು ಕೇಳಿದರು. ಇರಲಿಲ್ಲ. "ತೂಗಿದ್ದು ಹೇಗೆ?" ಎಂದರು.

ಎರಡು ಸಲವೂ ಅಂಗನವಾಡಿಗೆ ಕರೆದೊಯ್ದವನು ನಾನೇ ಆದ್ದರಿಂದ ಸಾಕ್ಷಿ ನುಡಿದೆ. ತೊಲೆಗೆ ಕಟ್ಟಿದ ತಕ್ಕಡಿ, ಅದಕ್ಕೆ ನೇತುಹಾಕಿದ ಚೀಲ, ಚೀಲದಲ್ಲಿ ಒದೆಯುವ ನಮ್ಮ ವಂಶೋದ್ಧಾರಕ. ಮುಳ್ಳು ಒಂಬತ್ತಕ್ಕೂ ಹನ್ನೊಂದಕ್ಕೂ ನಡುವೆ ದೊಂಬರಾಟ ಆಡುತ್ತಿರುತ್ತದೆ. ಅಂಗನವಾಡಿ ಟೀಚರ್ ಅದು ಉಸಿರು ತೆಗೆದುಕೊಳ್ಳುವ ಗಳಿಗೆ ಕಾಯ್ದು ಬರೆದುಕೊಳ್ಳಬೇಕು. ಹಿಂದಿನ ಸಲ ಮೈಕೊರೆಯುವ ಚಳಿ. ಸ್ವೆಟರ್, ಕುಲಾವಿ, ಕೀಚಲು ಶೂ, ಜೊತೆಗೆ ಎಷ್ಟು ಬೇಡಿದರೂ ಕೈಬಿಡದ ನನ್ನ ಬೀರುವಿನ ಬೀಗದ ಕೈ ಗೊಂಚಲು. ಈ ಸಲ ಬರೀ ಚಡ್ಡಿ. ಅದೂ ತೂಗುವ ಮುಂಚೆ ಆತ ತನ್ನ ಭಾರವನ್ನು ನನ್ನ ಪಂಚೆಯ ಮೇಲೆ ಸ್ವಲ್ಪ ಇಳಿಸಿಯೂ ಇದ್ದ.

ವೈದ್ಯರು ಮತ್ತೊಮ್ಮೆ ತೂಗಿಸಿ, ಒಂದು ಚುಕ್ಕೆಯನ್ನಲ್ಲ, ತಿಂಗಳುಗಟ್ಟಲೆ ಗೆರೆ ಹೋಗುವ ದಿಕ್ಕನ್ನು ನೋಡಬೇಕೆಂದು ಹೇಳಿ ಕಳಿಸಿದರು. ಮಗ ತಲೆಯಾಡಿಸಿದ. ದಾರಿಯಲ್ಲೇ ಗಾಡಿ ನಿಲ್ಲಿಸಿ ಡಿಜಿಟಲ್ ತೂಕದ ಯಂತ್ರ ಕೊಂಡುಕೊಂಡ.

ಇವನನ್ನು ನೋಡಿ ನಗಲು ನಾನೇನೋ ಸಿದ್ಧ, ಆದರೆ ಮನೆಯಾಕೆಯ ಎದುರು ನಗುವಂತಿಲ್ಲ. 1995ರಲ್ಲಿ ಪಲ್ಸ್ ಪೋಲಿಯೊ ಶುರುವಾದಾಗ, ಎರಡು ಹನಿಯಲ್ಲಿ ಒಂದು ತುಟಿಯಿಂದ ಜಾರಿತೆಂಬ ಅನುಮಾನಕ್ಕೆ ಇದೇ ಮಗನನ್ನು ಎತ್ತಿಕೊಂಡು ಮತ್ತೆ ಸಾಲಿನಲ್ಲಿ ನಿಂತವಳು ಅವಳು.

ಯಂತ್ರ ಮನೆಗೆ ಬಂತು. ಮೊಮ್ಮಗ ಅದರ ಮೇಲೆ ನಿಲ್ಲಲು ಒಪ್ಪಲಿಲ್ಲ. ಹೇಗೆ ನಿಲ್ಲಬೇಕೆಂದು ತೋರಿಸಲು ಮಗ ಹತ್ತಿದ. 84 ಕಿಲೋ. ನನ್ನ ಹೆಂಡತಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, "ಈ ಯಂತ್ರ ಸರಿಯಿಲ್ಲ, ವಾಪಸ್ ಕೊಟ್ಟು ಬಾ. ಒಂದು ವಾರದಿಂದ ಮಗು ಹೇಗೆ ಸೊರಗಿದೆ!" ಎಂದು ರಾತ್ರಿಯ ಮುದ್ದೆಗೆ ಇನ್ನಷ್ಟು ಹಿಟ್ಟು ತೆಗೆಯಲು ಒಳಗೆ ಹೋದಳು.