ಕೌದಿಗೆ ಹೊಸ ಬಟ್ಟೆ ಏಕೆ?

ಕೌದಿ, ಅಂದರೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿಯುವ ಹೊದಿಕೆಯ ಬಗ್ಗೆ ಒಂದು ಲೇಖನ ಓದಿದೆ. ಮೊದಲು ಹೊಸ ಹತ್ತಿ ಬಟ್ಟೆ ಕೊಳ್ಳಿ, ನಕ್ಷೆ ಬರೆದುಕೊಳ್ಳಿ, ಅಂಚಿಗೆ ದಪ್ಪ ದಾರ ಬಳಸಿ ಎನ್ನುತ್ತಾರೆ ಅದರ ಲೇಖಕರು. ಹೊಸ ಬಟ್ಟೆಯ ಸಲಹೆಯನ್ನು ನಾನು ಒಪ್ಪುವುದಿಲ್ಲ. ಗದಗದ ನಮ್ಮ ಮನೆಯಲ್ಲಿ ಕೌದಿ ಹುಟ್ಟುವುದೇ ಸವೆದ ಸೀರೆ, ಹರಿದ ಧೋತರದಿಂದ. ನೂರು ಸಲ ಒಗೆದ ಬಟ್ಟೆಯಲ್ಲಿ ಸೂಜಿ ಸಲೀಸಾಗಿ ಇಳಿಯುತ್ತದೆ. ಹಳೆಯದರ ಜೊತೆ ಹೊಸದನ್ನು ಸೇರಿಸಿ ನಾನೊಮ್ಮೆ ಕೆಟ್ಟಿದ್ದೇನೆ: ಮೊದಲ ಒಗೆತಕ್ಕೇ ಹೊಸ ತುಂಡುಗಳು ಕುಗ್ಗಿ, ಇಡೀ ಕೌದಿ ಸುಟ್ಟ ಹಪ್ಪಳದಂತೆ ಮುದುಡಿತು. ಮೇಲಾಗಿ ನಕ್ಷೆಯೂ ಬೇಕಂತೆ! ಧಾರವಾಡದ ಕಸೂತಿಯನ್ನೇ ನೋಡಿ. ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಗೋಪುರ, ತೇರು ಮೂಡುವುದು ಬಟ್ಟೆಯ ಎಳೆ ಎಣಿಸಿ, ನಕ್ಷೆ ಬರೆದುಕೊಂಡಲ್ಲ. ಅಂಚಿಗೆ ದಪ್ಪ ದಾರ ಬಳಸಿ ಎಂದದ್ದು ಮಾತ್ರ ಸರಿ. ಅವ್ವನ ಇಳಕಲ್ ಸೀರೆಯ ಸೆರಗಿನ ತುಂಡನ್ನು ನಾನು ಕೌದಿಯ ನಟ್ಟನಡುವೆ ಇಡುತ್ತೇನೆ. ಅದು ಯಾವ ಅಂಗಡಿಯಲ್ಲಿ ಸಿಗುತ್ತದೆ?