ಒಬ್ಬರೇ ಸಂಸದ, 37 ವರ್ಷ: ಲಕ್ಷದ್ವೀಪಕ್ಕೆ ಒಳ್ಳೆಯದಾಯ್ತಾ?

ಪರ

ಪಿ.ಎಂ. ಸಯೀದ್ ಆಂದ್ರೋತ್ ದ್ವೀಪದವರು, ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಓದಿದವರು. ಲಕ್ಷದ್ವೀಪದ ಸೀಟಿಗೆ ಮೊದಲೆಲ್ಲ ರಾಷ್ಟ್ರಪತಿಗಳೇ ಒಬ್ಬರನ್ನು ನೇಮಿಸುತ್ತಿದ್ದರು. 1967ರಲ್ಲಿ ಜನ ಮೊದಲ ಸಲ ಓಟು ಹಾಕಿದಾಗ ಸಯೀದ್ ಪಕ್ಷೇತರರಾಗಿ ಗೆದ್ದರು, ಆಮೇಲೆ ಕಾಂಗ್ರೆಸ್ ಸೇರಿದರು. ಒಟ್ಟು ಸತತ ಹತ್ತು ಗೆಲುವು.

ಬೇಜಾರಾಗಲ್ವಾ ಒಬ್ಬರನ್ನೇ ನೋಡಿ ಅಂತ ಕೇಳುವವರು ಆ ಊರಿನ ಲೆಕ್ಕ ನೋಡಬೇಕು. ಜನವಸತಿ ಇರುವುದು ಹತ್ತೇ ದ್ವೀಪಗಳಲ್ಲಿ. 2011ರ ಜನಗಣತಿ ಪ್ರಕಾರ ಜನಸಂಖ್ಯೆ 64,473, ಅಂದರೆ ನಮ್ಮ ಒಂದು ಸಣ್ಣ ಪಟ್ಟಣದಷ್ಟು. ವಿಧಾನಸಭೆ ಇಲ್ಲ, ಮುಖ್ಯಮಂತ್ರಿ ಇಲ್ಲ. ಹಡಗು ಬೇಕಾದರೂ, ಡಾಕ್ಟರ್ ಬೇಕಾದರೂ ದೆಹಲಿಯನ್ನೇ ಕೇಳಬೇಕು. ಅಲ್ಲಿ 543 ಜನರ ನಡುವೆ ಇಷ್ಟು ಪುಟ್ಟ ಕ್ಷೇತ್ರದ ಹೊಸಬ ಎದ್ದು ನಿಂತರೆ ಯಾರು ಕಿವಿ ಕೊಡ್ತಾರೆ? ಹಳಬರ ಮಾತಿಗೆ ತೂಕ ಇರುತ್ತದೆ. 1998ರಲ್ಲಿ ಸರ್ಕಾರ ವಾಜಪೇಯಿ ಅವರದ್ದು, ಸಯೀದ್ ವಿರೋಧ ಪಕ್ಷದವರು, ಆದರೂ ಲೋಕಸಭೆಯ ಉಪಸಭಾಧ್ಯಕ್ಷರಾದರು. ಆ ಕುರ್ಚಿ ಸುಮ್ನೆ ಸಿಗುವಂಥದ್ದಲ್ಲ.

ವಿರೋಧ

ತೂಕ ಇತ್ತು, ಒಪ್ಪೋಣ. ಅದರಿಂದ ದ್ವೀಪದವರ ಕೈಗೆ ಬಂದ ಅಧಿಕಾರ ಎಷ್ಟು?

ಕೇಂದ್ರಾಡಳಿತ ಪ್ರದೇಶಗಳು ಬರುವುದು ಗೃಹ ಇಲಾಖೆಯ ಕೆಳಗೆ. ನರಸಿಂಹರಾವ್ ಕಾಲದಲ್ಲಿ ಸಯೀದ್ ಅದೇ ಇಲಾಖೆಯಲ್ಲಿ ರಾಜ್ಯ ಸಚಿವರಾಗಿದ್ದರು! ಆದರೂ ಲಕ್ಷದ್ವೀಪಕ್ಕೆ ವಿಧಾನಸಭೆ ಬರಲಿಲ್ಲ, ಇವತ್ತಿಗೂ ಇಲ್ಲ. ದೆಹಲಿ ನೇಮಿಸಿದ ಆಡಳಿತಾಧಿಕಾರಿಯೇ ಅಲ್ಲಿ ಎಲ್ಲ. ಅದರ ಬಿಸಿ ಜೋರಾಗಿ ತಟ್ಟಿದ್ದು 2021ರಲ್ಲಿ, ಆಗ ಆಡಳಿತಾಧಿಕಾರಿಯಾಗಿದ್ದ ಪ್ರಫುಲ್ ಖೋಡಾ ಪಟೇಲ್ ಅವರ ಕರಡು ನಿಯಮಗಳನ್ನು ವಿರೋಧಿಸಿ ಜನ ತಮ್ಮ ಮನೆಗಳಲ್ಲೇ ಉಪವಾಸ ಕೂತಾಗ. ಒಬ್ಬ ಹಿರಿಯರ ಪ್ರಭಾವವನ್ನೇ ನಂಬಿಕೊಂಡರೆ ಅವರು ಹೋದ ಮೇಲೆ ಏನು ಉಳಿಯುತ್ತದೆ, ಹೇಳಿ. ಆ ದಶಕಗಳಲ್ಲಿ ಕೇಳಬೇಕಿದ್ದದ್ದು ಹಡಗು, ಡಾಕ್ಟರ್ ಮಾತ್ರ ಅಲ್ಲ, ತಮ್ಮ ಊರಿನ ಕಾನೂನನ್ನು ತಾವೇ ಮಾಡಿಕೊಳ್ಳುವ ಹಕ್ಕನ್ನೂ ಕೇಳಬೇಕಿತ್ತು.

ಇನ್ನೊಂದು ವಿಷಯ. ವಿಧಾನಸಭೆ ಇಲ್ಲದ ಕಡೆ ಲೋಕಸಭೆಯ ಒಂದೇ ಸೀಟು ರಾಜಕಾರಣದ ದೊಡ್ಡ ಮೆಟ್ಟಿಲು. ಅದರ ಮೇಲೆ ಒಬ್ಬರೇ 37 ವರ್ಷ ಕೂತರೆ ಮಿಕ್ಕವರು ಎಲ್ಲಿ ಕಲಿಯಬೇಕು? 2004ರಲ್ಲಿ ಜನ ಅವರನ್ನು 71 ಓಟುಗಳಿಂದ ಸೋಲಿಸಿದರು. ಸೋತವರನ್ನೇ ಪಕ್ಷ ಕೇಂದ್ರದ ಇಂಧನ ಸಚಿವರನ್ನಾಗಿ ಮಾಡಿತು, ರಾಜ್ಯಸಭೆಗೂ ಕಳಿಸಿತು, ಅದೂ ದೆಹಲಿಯಿಂದ. 2005ರಲ್ಲಿ ಅವರು ತೀರಿಕೊಂಡರು. 2009ರಲ್ಲಿ ಕಾಂಗ್ರೆಸ್ ಟಿಕೆಟ್ ಯಾರಿಗೆ ಹೋಯಿತು ಅಂದ್ರೆ ಅವರ ಮಗ ಹಮ್ದುಲ್ಲಾ ಸಯೀದ್ ಅವರಿಗೆ. ಅವರು ಗೆದ್ದರು, 2014ರಲ್ಲಿ ಸೋತರು, 2024ರಲ್ಲಿ ಮತ್ತೆ ಗೆದ್ದರು. ಓಟು ಹಾಕಿದ್ದು ಜನರೇ, ಅದನ್ನು ಇಲ್ಲ ಅನ್ನಲಾಗದು. ಆದರೆ ಇಷ್ಟು ವರ್ಷಗಳಲ್ಲಿ ಆ ಪಕ್ಷ ಅಲ್ಲಿ ಇನ್ನೊಂದು ಮನೆಯಿಂದ ಒಬ್ಬ ನಾಯಕನನ್ನು ಬೆಳೆಸಬಹುದಿತ್ತು, ಅಲ್ವಾ?